ವರ್ಷಕ್ಕೊಂದು ಇಂಜೆಕ್ಷನ್ನು ಮತ್ತು ನಮ್ಮೂರ ಮಂಗನ ಕಾಯಿಲೆ

ಬಹಳ ದಿನ ಆಯ್ತು ಇಲ್ಲಿ ಏನೂ ಬರೆಯದೆ. ವಿಷಯ ಇರಲಿಲ್ಲ ಅಂತಲ್ಲ, ಸೋಮಾರಿತನ ಅಷ್ಟೆ. ಆದ್ರೆ ಮೊನ್ನೆ ಅಮ್ಮನ ಜತೆ ಫೋನಲ್ಲಿ ಆದ ಒಂದು ಸಣ್ಣ ಜಗಳ ತಲೆಯಿಂದ ಹೋಗ್ತಾನೇ ಇಲ್ಲ. ಬರೆದು ಮುಗಿಸಿಬಿಡೋಣ ಅಂತ ಕೂತಿದ್ದೇನೆ.

ವಿಷಯ ಇಷ್ಟೆ. ಮಗಳಿಗೆ ಈಗ ನಾಲ್ಕು ವರ್ಷ. ಮಳೆಗಾಲ ಶುರುವಾಗೋ ಮೊದಲು ಫ್ಲೂ ಇಂಜೆಕ್ಷನ್ ಹಾಕಿಸಿಬಿಡಿ ಅಂತ ಬೆಂಗಳೂರಿನ ಮಕ್ಕಳ ಡಾಕ್ಟರು ಹೇಳಿದ್ರು. ಎರಡು ವರ್ಷದ ಹಿಂದೆ ಮೊದಲ ಸಲ ಹಾಕಿಸಿದಾಗ ಒಂದು ತಿಂಗಳ ಅಂತರದಲ್ಲಿ ಎರಡು ಸಲ ಚುಚ್ಚಿದ್ರು, ಹೋದ ವರ್ಷ ಒಂದು. ಈಗಿನದ್ದು ನಾಲ್ಕನೇದು. ಮಾತಿನ ಮಧ್ಯೆ ಅಮ್ಮನಿಗೆ ಇದನ್ನ ಹೇಳಿದ್ದೇ ತಪ್ಪಾಯ್ತು.

"ಎಂತಕ್ಕೆ ಮಾರಾಯ ವರ್ಷ ವರ್ಷ ಆ ಕೂಸಿಗೆ ಚುಚ್ಚಿಸ್ತೀಯ? ನಾವಿಲ್ಲಿ ಮಂಗನ ಕಾಯಿಲೇದು ಚುಚ್ಚಿಸ್ಕೊಂಡು ಚುಚ್ಚಿಸ್ಕೊಂಡು ತೋಳು ತೂತಾಯ್ತು. ಕಡೆಗೆ ಅದ್ರಲ್ಲಿ ಎಂತ ಇಲ್ಲ ಅಂತ ಅವ್ರೇ ನಿಲ್ಸಿದ್ರು. ಒಂದ್ಸಲ ಹೇಳಿದ್ರೆ ಮೈ ಕೇಳ್ತದೆ. ದಿನಾ ಹೇಳಿದ್ರೆ ಕಿವಿ ಮೇಲೇ ಹಾಕ್ಕಳಲ್ಲ, ನಿನ್ ಹಂಗೆ."

ಕೊನೆಯ ಮಾತಿಗೆ ಸಿಟ್ಟು ಬಂತು. "ನಿಂಗೆ ಅದೆಲ್ಲ ಅರ್ಥ ಆಗಲ್ಲ ಬಿಡಮ್ಮ" ಅಂದುಬಿಟ್ಟೆ. ಅಮ್ಮ "ಆಯ್ತು ಬಿಡು" ಅಂತ ಫೋನಿಟ್ರು. ಆಮೇಲೆ ರಾತ್ರಿ ಕೂತು ಸುಮ್ಮನೆ ಓದೋಕೆ ಶುರು ಮಾಡಿದ್ರೆ, ಅಮ್ಮ ಕೇಳಿದ ಪ್ರಶ್ನೆ ನನಗಿಂತ ಹಳೇದು, ನನಗಿಂತ ಜಾಸ್ತಿ ಓದಿದವರು ಐವತ್ತು ಅರವತ್ತು ವರ್ಷದಿಂದ ತಲೆ ಕೆಡಿಸಿಕೊಂಡಿರೋ ಪ್ರಶ್ನೆ ಅಂತ ಗೊತ್ತಾಯ್ತು. ನಂಗೇ ಅರ್ಥ ಆಗಿರಲಿಲ್ಲ :-)

ನಮ್ಮ ಅರಳಸುರಳಿ ಕಡೆಯವರಿಗೆ ವರ್ಷ ವರ್ಷ ಮದ್ದು ಅಂದ್ರೆ ಮೊದಲು ನೆನಪಾಗೋದು ಅಡಿಕೆಗೆ ಕೊಳೆ ಔಷಧಿ ಹೊಡೆಯೋದು. ಮೈಲುತುತ್ತು ಒಂದು ಕೆಜಿ, ಸುಣ್ಣ ಒಂದು ಕೆಜಿ, ನೂರು ಲೀಟರ್ ನೀರು. ಮಳೆ ಹಿಡಿಯೋ ಮೊದಲು ಒಂದು ಸಲ, ನಲವತ್ತು ನಲವತ್ತೈದು ದಿನಕ್ಕೆ ಇನ್ನೊಂದು ಸಲ. ಬಿಟ್ಟರೆ ಆ ವರ್ಷದ ಕೊನೆ ಹೋಯ್ತು ಅಂತಲೇ. ಆದ್ರೆ ಅಡಿಕೆ ಮರಕ್ಕೆ ಹೋದ ವರ್ಷ ಔಷಧಿ ಹೊಡೆದಿದ್ದು ನೆನಪಿರಲ್ಲ. ಈ ವರ್ಷದ ಕೊನೆ ಮೇಲೆ ಈ ವರ್ಷದ ಮದ್ದು ಅಂಟಿಕೊಂಡಿದ್ದಷ್ಟು ದಿನ ರಕ್ಷಣೆ. ಮಗುವಿನ ಮೈ ಹಾಗಲ್ಲ. ಅದಕ್ಕೆ ಪ್ರತಿ ಸಲ ಚುಚ್ಚಿದ್ದೂ ನೆನಪಿರ್ತದೆ, ಅದರ ಮೇಲೆ ಹೊಸದನ್ನ ಕಲೀತದೆ. ಹಾಗಾದ್ರೆ ಹಳೇ ನೆನಪು ಹೊಸ ಪಾಠಕ್ಕೆ ಸಹಾಯವೋ ಅಡ್ಡಿಯೋ? ಅಮ್ಮ ಕೇಳಿದ್ದು ಇದನ್ನೇ.

ನಮ್ಮೂರಲ್ಲಿ ಒಬ್ಬ ಅಜ್ಜ ಇದ್ರು. ನನ್ನ ಕಂಡಾಗಲೆಲ್ಲ ಅಪ್ಪನ ಹೆಸರು ಹಿಡಿದು ಕರೆಯೋರು. ಮುಖ ಅಪ್ಪನ ಹಂಗೇ ಇದೆ, ಅವರ ತಲೆಯಲ್ಲಿ ಮೊದಲು ಕೂತಿದ್ದು ಅಪ್ಪ, ಹಾಗಾಗಿ ನಾನು ಅವರಿಗೆ ಕಾಣೋದೇ ಇಲ್ಲ. ಫ್ಲೂ ವಿಷಯದಲ್ಲಿ ನಮ್ಮ ಮೈಯೂ ಈ ಅಜ್ಜನ ಹಂಗೆ. ಚಿಕ್ಕಂದಿನಲ್ಲಿ ಮೊದಲು ಕಂಡ ಫ್ಲೂ ವೈರಸ್ಸನ್ನ ಅದು ಜನ್ಮಪೂರ್ತಿ ಮರೆಯಲ್ಲ. ಮುಂದೆ ಅದರ ಹಂಗಿರೋ ಬೇರೆ ವೈರಸ್ ಬಂದರೂ ಹಳೇದಕ್ಕೆ ಮಾಡಿದ ಪ್ರತಿಕಾಯವನ್ನೇ ಮತ್ತೆ ಜಾಸ್ತಿ ತಯಾರಿಸೋಕೆ ಹೋಗ್ತದೆ. ಅಮೆರಿಕದ ಥಾಮಸ್ ಫ್ರಾನ್ಸಿಸ್ ಅನ್ನೋ ವಿಜ್ಞಾನಿ 1960ರಲ್ಲಿ ಇದಕ್ಕೆ "ಒರಿಜಿನಲ್ ಆಂಟಿಜೆನಿಕ್ ಸಿನ್" ಅಂತ ಹೆಸರಿಟ್ಟರು. ಮೂಲ ಪಾಪ! ಹೆಸರು ಕೇಳಿದ್ರೇ ಹೆದರಿಕೆ ಆಗೋ ಹಂಗಿದೆ. ಆದ್ರೆ ಅಷ್ಟೇನೂ ಪಾಪ ಅಲ್ಲ ಅದು. ಹೊಸ ವೈರಸ್ ಹಳೇದಕ್ಕೆ ಹತ್ತಿರದ ಸಂಬಂಧಿಯಾಗಿದ್ರೆ ಹಳೇ ನೆನಪು ಉಪಕಾರವೇ. ದೂರದವನಾಗಿದ್ರೆ ಮಾತ್ರ ಹೆಸರು ತಪ್ಪಿ ಕರೆದ ಹಾಗೆ.

1970ರ ದಶಕದಲ್ಲಿ ಇಂಗ್ಲೆಂಡಿನ ಒಂದು ವಸತಿ ಶಾಲೆಯ ಹುಡುಗರನ್ನ ಹಲವು ವರ್ಷ ಗಮನಿಸಿ, ವರ್ಷ ವರ್ಷ ಫ್ಲೂ ಲಸಿಕೆ ಹಾಕಿಸಿಕೊಂಡವರಿಗೆ ಒಟ್ಟು ಲೆಕ್ಕದಲ್ಲಿ ಏನೂ ಲಾಭ ಆಗಲಿಲ್ಲ ಅಂತ ಹಾಸ್ಕಿನ್ಸ್ ಮತ್ತು ಜತೆಯವರು 1979ರಲ್ಲಿ ಬರೆದ್ರು. ಅಮ್ಮ ಇದನ್ನ ಓದಿದ್ರೆ ನನ್ನ ಕಥೆ ಮುಗೀತಿತ್ತು. ಆದ್ರೆ ಆಮೇಲೆ ಬೇರೆ ಕಡೆ ಮಾಡಿದ ಪ್ರಯೋಗಗಳಲ್ಲಿ ಅದು ಹಾಗೇ ಕಂಡುಬರಲಿಲ್ಲ. ನೆದರ್ಲೆಂಡ್ಸಿನ ರಾಟರ್‌ಡ್ಯಾಮಿನವರು 2011ರಲ್ಲಿ ಇನ್ನೊಂದು ಸೂಕ್ಷ್ಮ ಹೇಳಿದ್ರು. ಶ್ವಾಸಕೋಶದ ಕಾಯಿಲೆ ಇರೋದ್ರಿಂದ ಪ್ರತಿ ವರ್ಷ ಫ್ಲೂ ಲಸಿಕೆ ಪಡೀತಿದ್ದ ಮಕ್ಕಳನ್ನೂ, ಲಸಿಕೆ ಪಡೆಯದ ಆರೋಗ್ಯವಂತ ಮಕ್ಕಳನ್ನೂ ಹೋಲಿಸಿ ನೋಡಿದಾಗ, ಲಸಿಕೆ ಪಡೆದವರಲ್ಲಿ ಬೇರೆ ಬೇರೆ ಬಗೆಯ ಫ್ಲೂಗಳನ್ನ ಗುರುತಿಸೋ ಒಂದು ಜಾತಿಯ ಟಿ ಜೀವಕೋಶಗಳು ವಯಸ್ಸಿನ ಜತೆ ಅಷ್ಟಾಗಿ ಬೆಳೆದಿರಲಿಲ್ಲವಂತೆ. ಕೇಳೋಕೆ ಕೆಟ್ಟ ಸುದ್ದಿ. ಆದ್ರೆ ಯೋಚನೆ ಮಾಡಿ, ಆ ಜೀವಕೋಶಗಳು ಬೆಳೆಯೋದು ಜ್ವರ ಬಂದು ಹೋದ್ರೆ. ಲಸಿಕೆ ಹಾಕಿಸಿಕೊಂಡವರಿಗೆ ಜ್ವರ ಬರಲಿಲ್ಲ, ಅದಕ್ಕೇ ಆ ಪಾಠ ಆಗಲಿಲ್ಲ. ಬಿದ್ದು ಈಜು ಕಲಿಯೋದಕ್ಕೂ ಹಿಡಿದು ಕಲಿಸೋದಕ್ಕೂ ಇರೋ ವ್ಯತ್ಯಾಸ ಇದು. ಬಿದ್ದವರು ಚೆನ್ನಾಗಿ ಕಲೀತಾರೆ, ಮೇಲೆ ಬಂದರೆ.

ಇದಕ್ಕೆ ಎದುರು ದಿಕ್ಕಿನದ್ದು ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದವರು 2022ರಲ್ಲಿ ಹೇಳಿದ್ದು. ಮೂರು ವರ್ಷ ಸತತವಾಗಿ ಫ್ಲೂ ಲಸಿಕೆ ಪಡೆದ ಮಕ್ಕಳ ರಕ್ತ ನೋಡಿದಾಗ, ಲಸಿಕೆಯಲ್ಲಿ ಇದ್ದ ತಳಿಗಳಿಗೆ ಮಾತ್ರ ಅಲ್ಲದೆ ಇಲ್ಲದ ತಳಿಗಳಿಗೂ ತಾಗೋ ವಿಶಾಲ ಪ್ರತಿಕಾಯಗಳು ಬೆಳೆದಿದ್ದವು. ಸೂಜಿ ಚುಚ್ಚಿದ್ರೂ ಮೂಗಿಗೆ ಸಿಂಪಡಿಸಿದ್ರೂ ಹಾಗೇ. ದೊಡ್ಡವರಲ್ಲಿ ಹೀಗೆ ಆಗಲ್ಲ. ನಮ್ಮ ತಲೆಯಲ್ಲಿ ಆಗಲೇ ಹಳೇ ಅಪ್ಪಂದಿರು ತುಂಬಿಕೊಂಡಿರ್ತಾರಲ್ಲ. ಮಕ್ಕಳ ಪಾಟಿ ಇನ್ನೂ ಖಾಲಿ. ಅಂದ್ರೆ ಅಮ್ಮ ಹೇಳಿದ್ದಕ್ಕೆ ತದ್ವಿರುದ್ಧ: ಮಕ್ಕಳ ಮೈಗೆ ಮತ್ತೆ ಮತ್ತೆ ಹೇಳಿದ್ರೆ ಅದು ಕಿವಿ ಮೇಲೆ ಹಾಕಿಕೊಳ್ಳೋದಷ್ಟೇ ಅಲ್ಲ, ಹೇಳದೇ ಇದ್ದಿದ್ದನ್ನೂ ಸ್ವಲ್ಪ ಊಹಿಸ್ತದೆ.

ಸರಿ, ಇದನ್ನ ಅಮ್ಮನಿಗೆ ಹೇಳಿ ಗೆದ್ದೆ ಅನ್ನಬಹುದಿತ್ತು. ಆದ್ರೆ ಅಮ್ಮ ಹೇಳಿದ್ದರಲ್ಲಿ ಅರ್ಧ ಭಾಗ ಮಂಗನ ಕಾಯಿಲೆ ಇಂಜೆಕ್ಷನ್ನಿನ ಬಗ್ಗೆ. ಅಲ್ಲಿ ನನ್ನ ಹತ್ರ ಉತ್ತರ ಇಲ್ಲ.

ನಾನು ಮೂರನೇ ಕ್ಲಾಸಲ್ಲಿದ್ದಾಗ ಇರಬೇಕು, ಶಾಲೆಗೇ ಬಂದು ಚುಚ್ಚಿದ್ರು. ಅಬ್ಬಾ ಆ ನೋವು! ಬೇರೆ ಇಂಜೆಕ್ಷನ್ ನೋವಿಗೂ ಅದಕ್ಕೂ ಸಂಬಂಧವೇ ಇಲ್ಲ. ತೋಳು ಊದಿ, ಎರಡು ದಿನ ಚೀಲ ಹೊರೋಕೆ ಆಗ್ತಿರಲಿಲ್ಲ. ತಿಂಗಳು ಬಿಟ್ಟು ಮತ್ತೆ ಬಂದಾಗ ನಮ್ಮ ಕ್ಲಾಸಿನ ನಾಲ್ಕು ಜನ ಹಿಂದಿನ ಕಿಟಕಿಯಿಂದ ಹಾರಿ ಗದ್ದೆ ಬಯಲಿಗೆ ಓಡಿದ್ವಿ (ಹೌದು, ನಾನೂ). ತಂಗಿಗೆ ಆಗ ಐದು ವರ್ಷ. ಆರು ವರ್ಷ ಆಗದವರಿಗೆ ಕೊಡೋ ಹಂಗಿಲ್ಲ ಅಂತ ಅವಳನ್ನ ಬಿಟ್ರು. ಅವಳು ಜಗಲಿ ಮೇಲೆ ಕೂತು ನನ್ನ ಊದಿದ ತೋಳನ್ನ ಬೆರಳಲ್ಲಿ ಒತ್ತಿ ನಗ್ತಿದ್ದಿದ್ದು ಇನ್ನೂ ನೆನಪಿದೆ. ಆಗ ಅವಳದ್ದು ಅದೃಷ್ಟ ಅಂದುಕೊಂಡಿದ್ದೆ.

ಹೊರಗಿನವರಿಗೆ ಸ್ವಲ್ಪ ಹೇಳಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ ಮಂಗಗಳು ಸತ್ತು ಬೀಳೋಕೆ ಶುರುವಾಗಿ, ಸುತ್ತಲಿನ ಜನಕ್ಕೂ ಜ್ವರ ಬಂದಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಕಂಡುಹಿಡಿದ ಕಾಯಿಲೆ ಇದು. ಮೊದಲು ಹಳದಿ ಜ್ವರ ಇರಬಹುದು ಅಂತ ಹೆದರಿದ್ರಂತೆ. ಕಾಡಿನ ಹೆಸರನ್ನೇ ಕಾಯಿಲೆಗೆ ಇಟ್ಟರು, ಕೆಎಫ್‌ಡಿ. ಮಂಗನಿಂದ ನೇರ ಬರೋದಲ್ಲ, ಉಣುಗಿನಿಂದ ಬರೋದು. ಡಿಸೆಂಬರಿಂದ ಮೇ ತನಕ, ಅಂದ್ರೆ ನಾವು ದರಗು ಗುಡಿಸಿ ಕೊಟ್ಟಿಗೆಗೆ ತರೋ ಕಾಲದಲ್ಲೇ, ಸಾಸಿವೆ ಕಾಳಿನಷ್ಟಿರೋ ಮರಿ ಉಣುಗುಗಳು ಕಾಡಿನ ನೆಲದ ತುಂಬ. ಬಂದವರಲ್ಲಿ ನೂರಕ್ಕೆ ಮೂರರಿಂದ ಐದು ಜನ ಉಳಿಯಲ್ಲ. ಔಷಧಿ ಅಂತ ಬೇರೆ ಇಲ್ಲ.

ಮೊದಲು ರಷ್ಯಾ ಕಡೆಯ ಇದೇ ಜಾತಿಯ ಕಾಯಿಲೆಯ ಲಸಿಕೆಯನ್ನ ತಂದು ನಮ್ಮ ಜನಕ್ಕೆ ಹಾಕಿ ನೋಡಿದ್ರು, ಪ್ರಯೋಜನ ಆಗಲಿಲ್ಲ. ಆಮೇಲೆ ಕೋಳಿ ಭ್ರೂಣದ ಜೀವಕೋಶದಲ್ಲಿ ನಮ್ಮದೇ ವೈರಸ್ ಬೆಳೆಸಿ, ಫಾರ್ಮಲಿನ್ನಲ್ಲಿ ಕೊಂದು ಲಸಿಕೆ ಮಾಡಿದ್ರು. 1957ರಲ್ಲಿ ಸಿಕ್ಕ ವೈರಸ್ಸೇ ಅದರ ಬೀಜ. 1990ರ ಸುಮಾರಿನ ಪ್ರಯೋಗದಲ್ಲಿ ಎರಡು ಡೋಸಿಗೆ ನೂರಕ್ಕೆ 93.5ರಷ್ಟು ರಕ್ಷಣೆ ಅಂತ ಲೆಕ್ಕ ಬಂತು. 2005ರಿಂದ 2010ರ ಅಂಕಿ ಅಂಶ ಹಿಡಿದು ನೋಡಿದಾಗ ಅದು 62.4ಕ್ಕೆ ಇಳಿದಿತ್ತು, ಬೂಸ್ಟರ್ ಹಾಕಿಸಿಕೊಂಡವರಲ್ಲಿ 82.9. ಒಂದೇ ಡೋಸ್ ಹಾಕಿಸಿಕೊಂಡು ನಮ್ಮ ಹಂಗೆ ಕಿಟಕಿ ಹಾರಿದವರಿಗೆ ಉಪಯೋಗವೇ ಇಲ್ಲ.

ನಿಯಮ ಹೀಗಿತ್ತು. ತಿಂಗಳ ಅಂತರದಲ್ಲಿ ಎರಡು, ಆರರಿಂದ ಒಂಬತ್ತು ತಿಂಗಳಿಗೆ ಬೂಸ್ಟರ್, ಆಮೇಲೆ ಆ ಪ್ರದೇಶದಲ್ಲಿ ಕೊನೆಯ ಕೇಸ್ ಕಂಡ ಮೇಲೂ ಐದು ವರ್ಷ ಪ್ರತಿ ವರ್ಷ ಒಂದೊಂದು. ಲೆಕ್ಕ ಹಾಕಿ. ಅಷ್ಟರಲ್ಲಿ ಇನ್ನೊಂದು ಕೇಸ್ ಬಂದರೆ ಐದು ವರ್ಷದ ಲೆಕ್ಕ ಮತ್ತೆ ಮೊದಲಿಂದ. ಅಮ್ಮ ತೋಳು ತೂತಾಯ್ತು ಅಂದಿದ್ದರಲ್ಲಿ ಉತ್ಪ್ರೇಕ್ಷೆ ಏನೂ ಇಲ್ಲ.

ನನಗೆ ಇಲ್ಲಿ ಹೊಳೆದಿದ್ದು, "ವರ್ಷ ವರ್ಷ" ಅನ್ನೋ ಒಂದೇ ಮಾತಿಗೆ ಎರಡು ಬೇರೆ ಬೇರೆ ಅರ್ಥ ಇದೆ ಅಂತ. ಫ್ಲೂಗೆ ವರ್ಷ ವರ್ಷ ಯಾಕೆ? ವೈರಸ್ ವೇಷ ಬದಲಿಸ್ತದೆ, ಜತೆಗೆ ಪ್ರತಿಕಾಯಗಳೂ ತಿಂಗಳು ಕಳೆದಂತೆ ಇಳಿಯುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯವರು ವರ್ಷಕ್ಕೆರಡು ಸಲ, ಫೆಬ್ರವರಿಯಲ್ಲಿ ಉತ್ತರ ಗೋಳಕ್ಕೆ, ಸೆಪ್ಟೆಂಬರಲ್ಲಿ ದಕ್ಷಿಣ ಗೋಳಕ್ಕೆ, ಈಗ ಯಾವ ವೇಷ ಓಡ್ತಿದೆ ನೋಡಿ ಲಸಿಕೆ ಬದಲಿಸ್ತಾರೆ. ಯಮಗಾಟ ಅನ್ನೋ ಒಂದು ಬಿ ತಳಿ 2020ರ ಮಾರ್ಚಿನಿಂದ ಎಲ್ಲೂ ಕಂಡಿಲ್ಲ ಅಂತ ನಾಲ್ಕು ತಳಿಯ ಲಸಿಕೆಯನ್ನ ಮೂರಕ್ಕೆ ಇಳಿಸಿ ಅಂತಲೂ ಹೇಳಿದ್ದಾರೆ. ಅಷ್ಟು ನಿಗಾ! ಮಂಗನ ಕಾಯಿಲೆ ವೈರಸ್ಸು ಹಾಗೆ ವರ್ಷ ವರ್ಷ ವೇಷ ಬದಲಿಸೋ ಪೈಕಿ ಅಲ್ಲ. ಅಲ್ಲಿ ವರ್ಷ ವರ್ಷ ಚುಚ್ಚಬೇಕಾಗಿದ್ದು ಲಸಿಕೆ ಕಲಿಸೋ ಪಾಠ ಗಟ್ಟಿ ಇರಲಿಲ್ಲ ಅನ್ನೋ ಕಾರಣಕ್ಕೆ. ಒಂದು ಕಡೆ ಪಠ್ಯಪುಸ್ತಕ ಬದಲಾಗ್ತಿದೆ, ಇನ್ನೊಂದು ಕಡೆ ಪುಸ್ತಕ ಅದೇ, ಮೇಷ್ಟ್ರ ದನಿ ಹಿಂದಿನ ಬೆಂಚಿಗೆ ಕೇಳಿಸ್ತಿಲ್ಲ. ಎರಡನ್ನೂ ಒಂದೇ ಹೆಸರಲ್ಲಿ ಬೂಸ್ಟರ್ ಅಂದ್ರೆ ಜನಕ್ಕೆ ಹೇಗೆ ತಿಳೀಬೇಕು?

ನಮಗೆ ಯಾರೂ ಇದನ್ನ ಬಿಡಿಸಿ ಹೇಳಲಿಲ್ಲ. ಹೇಳಿದ್ದೆಲ್ಲ "ಬನ್ನಿ, ಹಾಕಿಸ್ಕೊಳ್ಳಿ, ಇಲ್ಲದಿದ್ರೆ ಸಾಯ್ತೀರಿ" ಅಂತ. ಮೂರು ವರ್ಷ ಹಾಕಿಸಿಕೊಂಡವನಿಗೂ ಕಾಯಿಲೆ ಬಂದಾಗ "ಇವ್ರ ಇಂಜೆಕ್ಷನ್ನೇ ಸುಳ್ಳು" ಅಂತ ಸುದ್ದಿ ಹಬ್ಬಿತು. 62.4 ಅಂದ್ರೆ ಏನು ಅಂತ ಮೊದಲೇ ಕೂತು ಹೇಳಿದ್ದಿದ್ರೆ, ಹತ್ತರಲ್ಲಿ ನಾಲ್ಕು ಜನಕ್ಕೆ ಬರಬೇಕಾಗಿದ್ದು ತಪ್ಪಲ್ಲ ಅಂತ ಹೇಳಿದ್ದಿದ್ರೆ, ನಮ್ಮ ಜನ ಅರ್ಥ ಮಾಡ್ಕೊಳ್ಳದವರೇನಲ್ಲ. ಕೊಳೆ ಔಷಧಿ ಹೊಡೆದರೂ ಮೂರು ಮರಕ್ಕೆ ಕೊಳೆ ಬಂದರೆ ಮೈಲುತುತ್ತನ್ನ ಯಾರೂ ಬಯ್ಯಲ್ಲ.

2018ರ ಕೊನೆಗೆ ಸಾಗರ ತಾಲ್ಲೂಕಿನ ಅರಲಗೋಡಲ್ಲಿ ಶುರುವಾಗಿ ಸಾಲು ಸಾಲು ಸಾವಾದಾಗ ಪೇಪರಿನಲ್ಲಿ ಬಂದಿದ್ದ ಮಾತು ಜನ ಲಸಿಕೆ ಹಾಕಿಸಿಕೊಳ್ಳಲ್ಲ ಅಂತಲೇ. ಇದ್ದರೂ ಇರಬಹುದು, ನಾನೇ ಕಿಟಕಿ ಹಾರಿದವನು. ಆದ್ರೆ 2022ರಲ್ಲಿ ಲಸಿಕೆಯ ಪರಿಣಾಮವೇ ಸಾಲದು ಅಂತ ಅದನ್ನ ನಿಲ್ಲಿಸಿದ್ರಲ್ಲ, ಆಗ ಯಾರೂ ಊರಿಗೆ ಬಂದು "ಇಷ್ಟು ವರ್ಷ ನಿಮ್ಮನ್ನ ಬೈದಿದ್ದು ತಪ್ಪಾಯ್ತು" ಅನ್ನಲಿಲ್ಲ. ಬರೋದು ನಿಂತಿತು, ಅಷ್ಟೆ. ಅಮ್ಮನಿಗೆ ಗೊತ್ತಾಗಿದ್ದೂ ಪಕ್ಕದ ಮನೆಯವರಿಂದ. ನನ್ನ ಸಿಟ್ಟು ಇರೋದು ಇಲ್ಲಿ. ಲಸಿಕೆ ಸೋತಿದ್ದಕ್ಕಲ್ಲ, ವಿಜ್ಞಾನದಲ್ಲಿ ಸೋಲು ಇದ್ದೇ ಇದೆ. ಸೋತಿದ್ದನ್ನ ಹೇಳದೆ ಹೋಗಿದ್ದರಿಂದ ಈಗ ನನ್ನ ಅಮ್ಮನಂಥವರಿಗೆ ಎಲ್ಲ ಸೂಜಿಯೂ ಒಂದೇ, ಎಲ್ಲ ಬೂಸ್ಟರೂ ಮೋಸ. ಅದರ ಬೆಲೆ ಯಾವತ್ತೋ ಒಂದಿನ ದಡಾರಕ್ಕೋ ಗಂಟಲಮಾರಿಗೋ ಕಟ್ಟಬೇಕಾಗ್ತದೆ.

ಇನ್ನು ಮಕ್ಕಳ ವಿಷಯ. ಆರು ವರ್ಷದ ಕೆಳಗಿನವರಿಗೆ ಆ ಲಸಿಕೆ ಇರಲೇ ಇಲ್ಲ ಅಂದೆನಲ್ಲ. ಸಣ್ಣವರು ಕಾಡಿಗೆ ಹೋಗೋದಿಲ್ಲ ಅನ್ನೋ ಲೆಕ್ಕ ಇದ್ದಿರಬಹುದು. ಮಲೆನಾಡಲ್ಲಿ ಕಾಡಿಗೆ ಹೋಗೋದು ಅಂದ್ರೇನು? ಹಿತ್ತಲ ಬಾಗಿಲು ತೆಗೆದ್ರೆ ಸೊಪ್ಪಿನ ಬೆಟ್ಟ. ಮಗು ಹೋಗದಿದ್ರೆ ದನದ ಮೈಮೇಲೆ, ದರಗಿನ ಹೊರೆಯಲ್ಲಿ ಉಣುಗೇ ಮನೆಗೆ ಬರ್ತದೆ. ತೀರ್ಥಹಳ್ಳಿ ಕಡೆ ನಡೆದ ಅಧ್ಯಯನದಲ್ಲೂ ಮನೆ ಹತ್ತಿರ ದರಗಿನ ರಾಶಿ ಇದ್ದವರಿಗೆ ಅಪಾಯ ಜಾಸ್ತಿ ಅಂತ ಕಂಡಿದೆ. ಆ ರಾಶಿ ಮೇಲೆ ಕುಣಿಯೋದು ಯಾರು? 2024ರ ಜನವರಿಯಲ್ಲಿ ಹೊಸನಗರ ತಾಲ್ಲೂಕಿನ ಹದಿಹರೆಯದ ಹುಡುಗಿಯೊಬ್ಬಳು ಹೋದಳು. 2025ರಲ್ಲಿ ನಮ್ಮ ತಾಲ್ಲೂಕಿನದ್ದೇ ಎಂಟು ವರ್ಷದ ಹುಡುಗ. ಆ ಸುದ್ದಿ ಓದಿದ ದಿನ ನಾನು ಆಫೀಸಲ್ಲಿ ಸರಿಯಾಗಿ ಕೆಲಸ ಮಾಡಲಿಲ್ಲ. ಎಂಟು ವರ್ಷ ಅಂದ್ರೆ ನಾನು ಕಿಟಕಿ ಹಾರಿದ ವಯಸ್ಸು. ಅವನಿಗೆ ಹಾರೋಕೆ ಇಂಜೆಕ್ಷನ್ನೇ ಇರಲಿಲ್ಲ.

ಆಗೋದಿಲ್ಲ ಅನ್ನೋ ಮಾತಲ್ಲ ಇದು. ಯುರೋಪಿನಲ್ಲಿ ಉಣುಗಿನಿಂದಲೇ ಬರೋ ಮಿದುಳು ಜ್ವರ ಇದೆ, ಅದರ ವೈರಸ್ಸು ನಮ್ಮ ಮಂಗನ ಕಾಯಿಲೆಯದ್ದಕ್ಕೆ ದಾಯಾದಿ. ಅದಕ್ಕೂ ಕೊಂದ ವೈರಸ್ಸಿನದ್ದೇ ಲಸಿಕೆ. ಆಸ್ಟ್ರಿಯಾದಲ್ಲಿ 1981ರಿಂದ ಊರೂರಿಗೆ ಹಾಕಿಸಿ ಕಾಯಿಲೆಯನ್ನ ಬಹಳ ಮಟ್ಟಿಗೆ ಇಳಿಸಿದ್ದಾರೆ. ಮೂರು ಡೋಸು, ಆಮೇಲೆ ಮೂರರಿಂದ ಐದು ವರ್ಷಕ್ಕೊಂದು ಬೂಸ್ಟರ್. ಒಂದು ವರ್ಷದ ಮಗುವಿಗೂ ಕೊಡ್ತಾರೆ, ಮಕ್ಕಳಿಗೆ ಅಂತಲೇ ಕಮ್ಮಿ ಪ್ರಮಾಣದ್ದು ಬೇರೆ ಇದೆ. ನಮ್ಮದಕ್ಕೂ ಈಗ ಐಸಿಎಂಆರ್ ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನಲಾಜಿಕಲ್ಸ್ ಸೇರಿ ಹೊಸ ಲಸಿಕೆ ಮಾಡ್ತಿದ್ದಾರೆ, ಮನುಷ್ಯರ ಮೇಲಿನ ಮೊದಲ ಹಂತದ ಪ್ರಯೋಗದ ಮಾತು ಪೇಪರಲ್ಲಿ ಬಂದಿದೆ. ಖುಷಿಯೇ. ಮೊದಲು ದೊಡ್ಡವರ ಮೇಲೇ ನೋಡಬೇಕು, ಅದೂ ಸರಿ. ಆದ್ರೆ ಆಮೇಲೆ ಮಕ್ಕಳ ಸರದಿ ಯಾವಾಗ ಅನ್ನೋದನ್ನ ಈಗಲೇ ಕೇಳದಿದ್ರೆ ಮತ್ತೆ "ಆರು ವರ್ಷ ಮೇಲ್ಪಟ್ಟವರು ಮಾತ್ರ" ಅಂತ ಬೋರ್ಡು ಬೀಳ್ತದೆ ಅಂತ ನನ್ನ ಅನುಮಾನ. ಮತ್ತೆ ಮತ್ತೆ ಹೇಳಿದ್ದನ್ನ ಚೆನ್ನಾಗಿ ಕಲಿಯೋ ಮೈ ಮಕ್ಕಳದ್ದು ಅಂತಾದ್ರೆ, ಅವರನ್ನೇ ಹೊರಗಿಟ್ಟು ಅರವತ್ತು ದಾಟಿದ ಅಮ್ಮನ ತೋಳಿಗೆ ವರ್ಷ ವರ್ಷ ಚುಚ್ಚೋದು ಯಾವ ಲೆಕ್ಕ? ಹೊಸದಕ್ಕೆ ಎಷ್ಟು ಡೋಸು, ಒಂದೊಂದಾದ ಮೇಲೂ ರಕ್ತದಲ್ಲಿ ಎಷ್ಟು ಉಳೀತು, ಎಷ್ಟು ವರ್ಷ ಬಾಳಿಕೆ ಅನ್ನೋದನ್ನ ಕನ್ನಡದಲ್ಲಿ ಒಂದು ಹಾಳೆ ಬರೆದು ಪಂಚಾಯ್ತಿ ಗೋಡೆಗೆ ಅಂಟಿಸಲಿ. ಅಡಿಕೆ ರೇಟು ಓದೋ ಜನ ಇದನ್ನೂ ಓದ್ತಾರೆ.

ಇನ್ನೊಂದು ಚುಚ್ಚಿದ್ದು ಅಂದ್ರೆ ದುಡ್ಡಿನ ಲೆಕ್ಕ. ಮಗಳ ಫ್ಲೂ ಇಂಜೆಕ್ಷನ್ನಿಗೆ ಸಾವಿರದ ಮೇಲೆ ಕೊಟ್ಟೆ. ಮಕ್ಕಳ ವೈದ್ಯರ ಸಂಘದವರು ಆರು ತಿಂಗಳಿಂದ ಐದು ವರ್ಷದ ತನಕ ಎಲ್ಲರಿಗೂ ವರ್ಷ ವರ್ಷ ಕೊಡಿ ಅಂತಾರೆ, ಸರ್ಕಾರದ ಉಚಿತ ಪಟ್ಟಿಯಲ್ಲಿ ಮಾತ್ರ ಅದು ಇಲ್ಲ. ಬೆಂಗಳೂರಲ್ಲಿ ದುಡ್ಡು ಕೊಟ್ರೆ ಈ ವರ್ಷದ ವೇಷಕ್ಕೆ ಹೊಲಿದ ಲಸಿಕೆ ಸಿಗ್ತದೆ. ಊರಲ್ಲಿ ದುಡ್ಡು ಕೊಡ್ತೀನಿ ಅಂದ್ರೂ ಊರಿನ ಕಾಯಿಲೆಗೆ ಲಸಿಕೆ ಇಲ್ಲ.

ಅಂತೂ ಶನಿವಾರ ಮಗಳಿಗೆ ಹಾಕಿಸಿಕೊಂಡು ಬಂದ್ವಿ. ಒಂದು ನಿಮಿಷ ಅತ್ತು, ಆಮೇಲೆ ಕೈಗೆ ಅಂಟಿಸಿದ ಕಾರ್ಟೂನ್ ಪಟ್ಟಿ ನೋಡಿ ಸುಮ್ಮನಾದಳು. ಸಂಜೆ ಅಮ್ಮನಿಗೆ ನಾನೇ ಫೋನ್ ಮಾಡಿದೆ. ಅಜ್ಜನ ಕಥೆ, ಪಠ್ಯಪುಸ್ತಕದ ಕಥೆ ಎಲ್ಲ ಹೇಳಿದೆ. ಮೊದಲೇ ಹೀಗೆ ಹೇಳಬೇಕಿತ್ತು. ಅಮ್ಮ ಪೂರ್ತಿ ಕೇಳಿದ್ರು. "ಹೌದನಾ... ಹಂಗಾದ್ರೆ ನಮ್ದು ಮೇಷ್ಟ್ರು ಸರಿ ಇರ್ಲಿಲ್ಲ ಅನ್ನು" ಅಂತ ನಕ್ಕರು. ಒಪ್ಪಿದ್ರು ಅಂತ ನಾನು ಹೇಳಲಾರೆ.

ಆಮೇಲೆ ರಜೆಗೆ ಯಾವಾಗ ಬರ್ತೀರಿ ಅಂತ ವಿಚಾರಿಸಿದ್ರು. ಮುಂದಿನ ವಾರ ಅಂದೆ. ಆಶಾ ಕಾರ್ಯಕರ್ತೆ ಬಂದು ಮೈಗೆ ಹಚ್ಚೋ ಡೇಪಾ ಎಣ್ಣೆ ಕೊಟ್ಟು ಹೋಗಿದ್ದಾಳಂತೆ, ಉಣುಗು ಹತ್ತದ ಹಂಗೆ. ಎರಡು ಬಾಟ್ಲಿ ಎತ್ತಿಟ್ಟಿದ್ದೀನಿ ಅಂದ್ರು.

"ಅದನ್ನ ಕೂಸಿನ ಚರ್ಮಕ್ಕೆ ಹಚ್ಬೌದಾ ಅಂತ ನಿಮ್ ಡಾಕ್ಟರ ಹತ್ರ ಒಂದ್ಸಲ ಕೇಳ್ಕೊಂಡೇ ಬಾ."

ನಾಳೆ ಕೇಳಬೇಕು.